ಕಥೆ ಬಾಯಿಗೆ ಬರುತ್ತದೆ, ಪುಸ್ತಕ ಕೊಟ್ಟರೆ ಓದಲು ಬರುವುದಿಲ್ಲ. ಏನು ಮಾಡುವುದು?

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಎರಡನೇ ಕ್ಲಾಸು. ಕಾಗಕ್ಕ ಗುಬ್ಬಕ್ಕನ ಕಥೆ ಅವಳಿಗೆ ಬಾಯಿಪಾಠ. ರಾತ್ರಿ ನಮ್ಮ ಅತ್ತೆ ಹೇಳುವಾಗ ಒಂದು ಮಾತು ಬಿಟ್ಟರೂ ಸುಮ್ಮನಿರುವುದಿಲ್ಲ. “ಅಜ್ಜಿ, ಕಾಡಿಗೆ ಹಚ್ಚೋದು ಬಿಟ್ಟುಬಿಟ್ಟೆ” ಅಂತ ಎದ್ದು ಕೂರುತ್ತಾಳೆ. ಇಷ್ಟು ಚೆನ್ನಾಗಿ ಗೊತ್ತಿರುವ ಕಥೆ, ಇದನ್ನೇ ಓದಿಸಿದರೆ ಸುಲಭ ಅಲ್ವಾ ಅಂತ ಪುಸ್ತಕ ತಂದೆ.

ಮೊದಲ ಸಾಲಿನಲ್ಲೇ ‘ದಟ್ಟಾರಣ್ಯ’ ಇತ್ತು. ಅದರ ಪಕ್ಕದಲ್ಲಿ ‘ಅನ್ಯೋನ್ಯವಾಗಿ’. ಮಗಳು ಬೆರಳಿಟ್ಟು ‘ದ... ಟಾ... ರ...’ ಅಂದಳು. ಮತ್ತೆ ಮೊದಲಿಂದ ಶುರು ಮಾಡಿದಳು. ಮೂರನೇ ಸಲ ನನ್ನ ಮುಖ ನೋಡಿ ಪುಸ್ತಕ ಮುಚ್ಚಿದಳು. “ಅಮ್ಮ, ಇದು ಅಜ್ಜಿ ಕಥೆ ಅಲ್ಲ” ಅಂದಳು.

ಅವಳು ಹೇಳಿದ್ದು ಸರಿ ಅನ್ನಿಸಿತು. ಈಗ ನಾನೇ ಕೈಯಲ್ಲಿ ಬರೆದುಕೊಡೋಣ ಅಂತಿದ್ದೇನೆ. ಎಷ್ಟು ಬರೆಯಬೇಕು, ಯಾವ ಪದ ಬಿಡಬೇಕು, ಗೊತ್ತಾಗುತ್ತಿಲ್ಲ. ಗೊತ್ತಿದ್ದವರು ಹೇಳಿ.

ನಲಿಕಲಿ ಟೀಚರ್, ಹಾವೇರಿ ಕಡೆ

ಅಕ್ಕ, ಖಂಡಿತ ನೀವೇ ಬರೆಯಿರಿ. ನಾನು ಕ್ಲಾಸಿನಲ್ಲಿ ಮಾಡುವುದೂ ಅದೇ.

ಅಕ್ಷರದ ವಿಷಯ ಮೊದಲು. ನಲಿಕಲಿ ಅಂದರೆ ಸರ್ಕಾರಿ ಶಾಲೆಯ ಸಣ್ಣ ಕ್ಲಾಸುಗಳಲ್ಲಿ ಆಟ, ಹಾಡು, ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಕ್ಕಳು ಅ ಆ ಇ ಈ ಅಂತ ಶುರು ಮಾಡುವುದಿಲ್ಲ. ರ ಗ ಸ ದ ಅ ಮೊದಲು ಬರುತ್ತವೆ. ಆಮೇಲೆ ಜ ವ ಮ ಬ ನ. ಈ ಹತ್ತೇ ಅಕ್ಷರ ಇಟ್ಟುಕೊಂಡು ನೋಡಿ: ಅರಸ, ಅರಸನ ಮಗ, ವನದ ಮರ, ವನದ ಗಜ. ಕಾಗುಣಿತ ಇಲ್ಲ, ಒತ್ತಕ್ಷರ ಇಲ್ಲ, ಆದರೂ ಅರ್ಧ ಜಾನಪದ ಕಥೆ ಅಲ್ಲೇ ಕೂತಿದೆ. ಮಕ್ಕಳಿಗೆ ‘ಅರಸನ ಮಗ’ ಓದಲು ಬಂದ ದಿನ ಆಮೇಲೆ ಏನಾಯಿತು ಅಂತ ಕೇಳುತ್ತಾರೆ. ‘ಗರಗಸ’ ಓದಿದಾಗ ಯಾರೂ ಹಾಗೆ ಕೇಳಲಿಲ್ಲ.

ನಿಮ್ಮ ಮಗಳು ಎರಡನೇ ಕ್ಲಾಸು ಅಂದರೆ ಕಾಗುಣಿತ ಮುಗಿದಿರುತ್ತದೆ, ಒತ್ತಕ್ಷರದಲ್ಲಿ ತಡವರಿಸುತ್ತಿರಬಹುದು. ಒತ್ತಕ್ಷರ ಎಲ್ಲ ಒಂದೇ ತೂಕದ್ದಲ್ಲ. ‘ಅಕ್ಕ’, ‘ಅಜ್ಜ’, ‘ಕಲ್ಲು’ ಇವುಗಳಲ್ಲಿ ಅದೇ ಅಕ್ಷರಕ್ಕೆ ಅದೇ ಒತ್ತು. ಬೇಗ ಬರುತ್ತದೆ. ‘ಪುಸ್ತಕ’, ‘ರಾಕ್ಷಸ’ ಅದಕ್ಕಿಂತ ಕಷ್ಟ. ಎಲ್ಲಕ್ಕಿಂತ ಕಷ್ಟ ಅರ್ಕಾವತ್ತು. ಬಾಯಲ್ಲಿ ಮೊದಲು ಬರುವ ‘ರ್’ ಕಾಗದದ ಮೇಲೆ ಆಮೇಲೆ ಕಾಣುತ್ತದೆ. ನನ್ನ ಕ್ಲಾಸಿನ ಹುಡುಗ ಪುಣ್ಯಕೋಟಿ ಕಥೆಯ ಹುಲಿ ‘ಅರ್ಬುತ’ನನ್ನು ತಿಂಗಳುಗಟ್ಟಲೆ ‘ಅಬುರ್ತ’ ಅಂತಲೇ ಓದಿದ. ಅವನ ತಪ್ಪಿಲ್ಲ. ಕಣ್ಣಿಗೆ ಕಂಡ ಹಾಗೆ ಓದಿದ.

ಈಗ ಗುಬ್ಬಕ್ಕನ ಕಥೆ ನೋಡಿ. ನಾನು ಬರೆದುಕೊಂಡಿರುವುದು ಹೀಗಿದೆ:

ಗುಬ್ಬಕ್ಕನ ಮನೆ ಕಲ್ಲಿನ ಮನೆ.
ಕಾಗಕ್ಕನ ಮನೆ ಸೆಗಣಿ ಮನೆ.
ಮಳೆ ಬಂತು. ಜೋರು ಮಳೆ ಬಂತು.
ಕಾಗಕ್ಕನ ಮನೆ ಕರಗಿ ಹೋಯಿತು.
“ಗುಬ್ಬಕ್ಕ, ಗುಬ್ಬಕ್ಕ, ಕದ ತೆಗಿ!”
“ತಾಳು ಕಾಗಕ್ಕ, ಮಗುಗೆ ನೀರು ಹಾಕಬೇಕು.”
“ಗುಬ್ಬಕ್ಕ, ಗುಬ್ಬಕ್ಕ, ಕದ ತೆಗಿ!”
“ತಾಳು ಕಾಗಕ್ಕ, ಮಗುಗೆ ಅಂಗಿ ಹಾಕಬೇಕು.”
“ಗುಬ್ಬಕ್ಕ, ಗುಬ್ಬಕ್ಕ, ಕದ ತೆಗಿ!”
“ತಾಳು ಕಾಗಕ್ಕ, ಮಗುಗೆ ಕಾಡಿಗೆ ಹಚ್ಚಬೇಕು.”

ಇದರಲ್ಲಿ ಇರುವ ಒತ್ತಕ್ಷರ ಎಲ್ಲ ಸಜಾತೀಯ, ಅಂದರೆ ಅದೇ ಅಕ್ಷರಕ್ಕೆ ಅದೇ ಒತ್ತು. ಬ್ಬ, ಕ್ಕ, ಲ್ಲ, ಚ್ಚ ಅಷ್ಟೇ. ನಾನು ಹುಡುಕಿ ಹುಡುಕಿ ಹಾಕಿದ್ದಲ್ಲ, ಅಜ್ಜಿಯರ ಮಾತಲ್ಲಿ ತಾನಾಗೇ ಹಾಗಿದೆ. ಇನ್ನೊಂದು ಗಮನಿಸಿ. ಪ್ರತಿ ಸಲ ಬದಲಾಗುವುದು ಒಂದೋ ಎರಡೋ ಪದ. ಮಗು ಮೊದಲ ಸಲ ಕಷ್ಟಪಟ್ಟು ಓದುತ್ತದೆ, ಎರಡನೇ ಸಲ ಗುರುತು ಹಿಡಿಯುತ್ತದೆ, ಮೂರನೇ ಸಲ ಹಾಡುತ್ತದೆ. ಬರೆಯುವಾಗ ಬೇರೆ ಏನು ಬೇಕಾದರೂ ಬಿಡಿ, ಈ ತಿರುಗಿ ತಿರುಗಿ ಬರುವ ಮಾತನ್ನು ಮಾತ್ರ ಬಿಡಬೇಡಿ. ತುಂಬಾ ಜನ ಪುಸ್ತಕ ಮಾಡುವಾಗ ಮೊದಲು ಕತ್ತರಿಸುವುದೇ ಅದನ್ನು. “ಕಾಗೆಯು ಹಲವು ಬಾರಿ ಬಾಗಿಲು ತಟ್ಟಿತು” ಅಂತ ಒಂದೇ ಸಾಲಿಗೆ ಮುಗಿಸುತ್ತಾರೆ. ಅಲ್ಲಿಗೆ ಕಥೆಯೂ ಹೋಯಿತು, ಓದುವ ಅಭ್ಯಾಸವೂ ಹೋಯಿತು.

ಶಿರಸಿಯ ಅಜ್ಜ

ಟೀಚರಮ್ಮ, ನಿಮ್ಮ ಸಾಲುಗಳು ಚೆನ್ನಾಗಿವೆ. ಒಂದು ಬೇಡಿಕೆ. ‘ಅಂತೆ’ಯನ್ನು ಎಲ್ಲಿ ಬಿಟ್ಟಿರಿ?

ನಮ್ಮ ಅಮ್ಮ ಕಥೆ ಶುರು ಮಾಡುತ್ತಿದ್ದದ್ದು “ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ” ಅಂತ. ಆ ‘ಅಂತೆ’ ಕೇಳಿದ ತಕ್ಷಣ ನಮಗೆ ಗೊತ್ತಾಗುತ್ತಿತ್ತು, ಇದು ಈ ಊರಿನ ಸುದ್ದಿ ಅಲ್ಲ, ಕಥೆ. ಈಗಿನ ಪುಸ್ತಕಗಳಲ್ಲಿ “ರಾಜನಿದ್ದನು” ಅಂತ ಇರುತ್ತದೆ. ಇತಿಹಾಸದ ಪಾಠದ ಹಾಗೆ ಕೇಳುತ್ತದೆ. ಸಣ್ಣ ಮಕ್ಕಳಿಗೆ ‘ಇದ್ದನಂತೆ’ ಉದ್ದವಾಗುತ್ತದೆ ಅನ್ನುವುದು ನನಗೂ ಗೊತ್ತು. ಆದರೂ ಕೇಳುತ್ತಿದ್ದೇನೆ.

ಹೂಂಗುಟ್ಟುವುದನ್ನೂ ನೆನಪಿಡಿ. ನಾವು ಮಕ್ಕಳು ಹೂಂ ಅನ್ನದಿದ್ದರೆ ಅಮ್ಮ ಕಥೆ ನಿಲ್ಲಿಸುತ್ತಿದ್ದಳು. “ನಿದ್ದೆ ಬಂತಾ? ಹೂಂ ಅನ್ನು” ಅನ್ನುತ್ತಿದ್ದಳು. ಕಥೆ ಹೇಳುವವರು ಒಬ್ಬರೇ ಇದ್ದರೆ ಅದು ನಡೆಯುವುದಿಲ್ಲ. ಮಗು ಓದುವಾಗ ಮನೆಯವರು ಪಕ್ಕದಲ್ಲಿ ಕೂತು ಬರೀ ತಪ್ಪು ತಿದ್ದುತ್ತಾರೆ. ಅದರ ಬದಲು ಹೂಂ ಅನ್ನಬೇಕು.

ನಲಿಕಲಿ ಟೀಚರ್, ಹಾವೇರಿ ಕಡೆ

ಅಜ್ಜಾ, ಹೂಂಗುಟ್ಟುವ ಮಾತು ನಾಳೆಯೇ ಕ್ಲಾಸಿಗೆ ತಗೊಂಡು ಹೋಗುತ್ತೇನೆ. ಒಬ್ಬರು ಓದಲಿ, ಉಳಿದವರು ಸಾಲು ಮುಗಿದ ಕಡೆ ಹೂಂ ಅನ್ನಲಿ. ಸಾಲು ಎಲ್ಲಿ ಮುಗಿಯಿತು ಅಂತ ಕೇಳುವ ಮಕ್ಕಳೂ ಗಮನ ಕೊಡುತ್ತಾರೆ.

‘ಅಂತೆ’ ವಿಷಯಕ್ಕೆ ನಾನು ಕಂಡುಕೊಂಡ ದಾರಿ: ಮೊದಲ ಸಾಲಿಗೆ ಒಂದು, ಕೊನೆಯ ಸಾಲಿಗೆ ಒಂದು. ನಡುವೆ ಬೇಡ. “ಒಂದು ಗುಬ್ಬಿ ಇತ್ತಂತೆ, ಒಂದು ಕಾಗೆ ಇತ್ತಂತೆ.” ಇಷ್ಟು ಮಕ್ಕಳು ಓದುತ್ತಾರೆ. ಸಾಲು ಸಾಲಿಗೂ ‘ಕೇಳಿಕೊಂಡಳಂತೆ’, ‘ಬಂದುಬಿಟ್ಟಿತಂತೆ’ ಬಂದರೆ ಪದದ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಏನಿತ್ತು ಅಂತ ಮರೆತಿರುತ್ತದೆ.

ಬೆಳಗಾವಿಯ ಅಪ್ಪ

ನಮ್ಮ ಮನೆಯದು ಸ್ವಲ್ಪ ಬೇರೆ ಪರಿಸ್ಥಿತಿ. ನನ್ನ ಹೆಂಡತಿ ಮನೆಯಲ್ಲಿ ಮರಾಠಿ. ಅವರ ತಾಯಿ ಹೇಳುವ ಕಥೆಯಲ್ಲೂ ಕಾಗೆಯದು ಸೆಗಣಿ ಮನೆಯೇ. ಆದರೆ ಗುಬ್ಬಿಯ ಮನೆ ಕಲ್ಲಿನದಲ್ಲ, ಮೇಣದ್ದು! ನನ್ನ ಮಗನಿಗೆ ಎರಡೂ ಗೊತ್ತು. ಯಾವುದು ಖರೇ ಅಂತ ಕೇಳಿದ. ಎರಡೂ ಖರೇ ಅಂದೆ. ಅಜ್ಜಿಯ ಗುಬ್ಬಿ ಮೇಣದ ಮನೆ ಕಟ್ಟಿತು, ನಮ್ಮ ಗುಬ್ಬಿ ಕಲ್ಲಿನ ಮನೆ ಕಟ್ಟಿತು. ಮೇಣ ಮಳೆಗೆ ಕರಗುವುದಿಲ್ಲ, ಆದರೆ ಬಿಸಿಲಿಗೆ ಕರಗುತ್ತದಲ್ಲ ಅಂತ ಅವನೇ ಒಂದು ವಾರ ತಲೆ ಕೆಡಿಸಿಕೊಂಡ. ಆಮೇಲೆ ಬೇಸಿಗೆಯಲ್ಲಿ ಗುಬ್ಬಿ ಕಾಗೆಯ ಮನೆಗೆ ಹೋಗುವ ಕಥೆ ತಾನೇ ಕಟ್ಟಿದ.

ನನ್ನ ಪ್ರಶ್ನೆ ಪದದ ಬಗ್ಗೆ. ನಮ್ಮ ಕಡೆ ಸೆಗಣಿಗೆ ಹೆಂಡಿ ಅಂತಾರೆ. ಟೀಚರ್ ಬರೆದ ಸಾಲು ಕೊಟ್ಟರೆ ನನ್ನ ಮಗ ‘ಸೆಗಣಿ’ಯನ್ನು ಸರಿಯಾಗಿ ಓದಿ, ಹಂಗಂದ್ರೇನು ಅಂತ ಕೇಳುತ್ತಾನೆ. ‘ಹೆಂಡಿ ಮನೆ’ ಅಂತ ಬರೆದರೆ ತಪ್ಪಾ? ಶಾಲೆಯಲ್ಲಿ ಇದು ಶುದ್ಧ ಕನ್ನಡ ಅಲ್ಲ ಅಂತ ಹೇಳಿಸಿಕೊಂಡು ಬೆಳೆದವನು ನಾನು. ಅದಕ್ಕೆ ಕೈ ತಡೆಯುತ್ತದೆ.

ನಲಿಕಲಿ ಟೀಚರ್, ಹಾವೇರಿ ಕಡೆ

ಸರ್, ಹೆಂಡಿ ಅಂತಲೇ ಬರೆಯಿರಿ. ಓದಲು ಕಲಿಯುವ ಮಗು ಒಂದೊಂದೇ ಅಕ್ಷರ ಕೂಡಿಸಿ ಕೊನೆಗೆ ಒಂದು ಪದ ಹಿಡಿಯುತ್ತದೆ. ಆ ಪದ ಅದಕ್ಕೆ ಮೊದಲೇ ಗೊತ್ತಿರಬೇಕು. ಆಗ ಮುಖ ಅರಳುತ್ತದೆ. ಗೊತ್ತಿಲ್ಲದ ಪದವಾದರೆ ಅಷ್ಟು ಕಷ್ಟಪಟ್ಟದ್ದಕ್ಕೆ ಏನೂ ಸಿಗುವುದಿಲ್ಲ. ಸೆಗಣಿಯನ್ನು ಎರಡನೇ ಪುಸ್ತಕದಲ್ಲಿ ಕಲಿಯಲಿ. ಇದರಲ್ಲಿ ಶುದ್ಧ ಅಶುದ್ಧದ ಮಾತೇ ಇಲ್ಲ.

ನ್ಯೂಜೆರ್ಸಿಯ ಕನ್ನಡಿಗ

ನಮ್ಮದು ಇನ್ನೊಂದು ತರಹ. ನಮ್ಮ ಮಗನಿಗೆ ಏಳು ವರ್ಷ. ಇಂಗ್ಲಿಷ್ ಸಲೀಸಾಗಿ ಓದುತ್ತಾನೆ. ಕನ್ನಡ ಕೇಳಿದರೆ ಅರ್ಥ ಆಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಭಾನುವಾರ ಕನ್ನಡ ಕ್ಲಾಸಿಗೆ ಹೋಗಿ ಅಕ್ಷರ ಕಲಿತ. ಆದರೆ ಕನ್ನಡ ಓದು ಅಂದರೆ ಅವನಿಗೆ ಹೋಂವರ್ಕ್.

ಅದನ್ನು ಬದಲಾಯಿಸಿದ್ದು ಬಾಲ ಕಳೆದುಕೊಂಡ ಕೋತಿ. ನಾನು ಚಿಕ್ಕವನಿದ್ದಾಗ ಕೇಳಿದ ಕಥೆ. ಕೋತಿ ಬಾಲಕ್ಕೆ ಮುಳ್ಳು ಚುಚ್ಚುತ್ತದೆ. ತೆಗೆಯಲು ಹೋದವನ ಕತ್ತಿ ತಗುಲಿ ಬಾಲವೇ ಹೋಗುತ್ತದೆ. ಕೋತಿ ಕತ್ತಿ ಕಿತ್ತುಕೊಳ್ಳುತ್ತದೆ. ಕತ್ತಿ ಕೊಟ್ಟು ಸೌದೆ, ಸೌದೆ ಕೊಟ್ಟು ದೋಸೆ, ದೋಸೆ ಕೊಟ್ಟು ಡೋಲು. ಕೊನೆಗೆ ಮರದ ಮೇಲೆ ಕೂತು ಬಾರಿಸುತ್ತದೆ:

ಬಾಲ ಹೋಯ್ತು ಕತ್ತಿ ಬಂತು, ಡುಂ ಡುಂ ಡುಂ.
ಕತ್ತಿ ಹೋಯ್ತು ಸೌದೆ ಬಂತು, ಡುಂ ಡುಂ ಡುಂ.
ಸೌದೆ ಹೋಯ್ತು ದೋಸೆ ಬಂತು, ಡುಂ ಡುಂ ಡುಂ.
ದೋಸೆ ಹೋಯ್ತು ಡೋಲು ಬಂತು, ಡುಂ ಡುಂ ಡುಂ.

ಅಡುಗೆಮನೆಯ ಪಾತ್ರೆ ಮಗುಚಿ ಹಾಕಿ, ಚಮಚದಲ್ಲಿ ಬಡಿಯುತ್ತಾ ಓದಿದ. ಅದೇ ದಿನ ಆರೇಳು ಸಲ.

ಟೀಚರ್, ನನ್ನ ಗೊಂದಲ ಇದು. ‘ಹೋಯ್ತು’ ಅಂತ ಬರೆದರೆ ಯಕ್ಕೆ ತ ಒತ್ತು, ವಿಜಾತೀಯ. ‘ಹೋಯಿತು’ ಅಂತ ಬರೆದರೆ ಒತ್ತಕ್ಷರವೇ ಇಲ್ಲ, ಓದಲು ಸುಲಭ. ಆದರೆ ಡೋಲಿನ ತಾಳಕ್ಕೆ ಕೂರುವುದಿಲ್ಲ. ಯಾವುದು ಸರಿ?

ನಲಿಕಲಿ ಟೀಚರ್, ಹಾವೇರಿ ಕಡೆ

ನಾನು ನೀವು ಬರೆದ ಹಾಗೇ ‘ಹೋಯ್ತು’ ಇಡುತ್ತೇನೆ. ಮೇಲೆ ಒತ್ತಕ್ಷರದ ಬಗ್ಗೆ ಅಷ್ಟು ಹೇಳಿದೆ, ನಿಜ. ಆದರೆ ನಾಲ್ಕು ಸಾಲಿನಲ್ಲಿ ನಾಲ್ಕು ಸಲ ಅದೇ ಜಾಗದಲ್ಲಿ ಅದೇ ಪದ ಬರುತ್ತದೆ. ಅದು ಅಕ್ಷರ ಅಕ್ಷರವಾಗಿ ಓದುವ ಪದವಾಗಿ ಉಳಿಯುವುದಿಲ್ಲ, ಮುಖ ನೋಡಿ ಗುರುತು ಹಿಡಿಯುವ ಪದ ಆಗುತ್ತದೆ. ಕಷ್ಟದ ಒತ್ತಕ್ಷರ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ತಾಳ ಕೆಟ್ಟರೆ ಮಗು ಎರಡನೇ ಸಲ ಓದುವುದೇ ಇಲ್ಲ.

ಗುಬ್ಬಕ್ಕನ ಕಥೆಯಲ್ಲಿ ‘ಕರಗಿ ಹೋಯಿತು’ ಬರೆದಿದ್ದೆನಲ್ಲ, ಅಲ್ಲಿ ತಾಳ ಇಲ್ಲ. ಹಾಗಾಗಿ ಸುಲಭದ ರೂಪ ಇರಲಿ.

ಅರಿವು ಕೇಂದ್ರದ ಅಕ್ಕ, ಮಂಡ್ಯ ಜಿಲ್ಲೆ

ನಾನು ಗ್ರಾಮ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುತ್ತೇನೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟೆವು. ಅಂದಿನಿಂದ ಸಂಜೆ ಹೊತ್ತು ಮಕ್ಕಳು ಬರುತ್ತಾರೆ. ಎರಡು ವಿಷಯ ಹೇಳಬೇಕು.

ಮೊದಲನೆಯದು, ಕೊನೆಯಲ್ಲಿ ಬರುವ ‘ನೀತಿ’. ಪಂಚತಂತ್ರದ ಪುಸ್ತಕಗಳಲ್ಲಿ ಕಥೆ ಮುಗಿದ ಮೇಲೆ ದಪ್ಪ ಅಕ್ಷರದಲ್ಲಿ ಒಂದು ನೀತಿ ಇರುತ್ತದೆ. ಮಕ್ಕಳು ಓದುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಆಮೆ ಬಾಯಿ ತೆರೆದು ಆಕಾಶದಿಂದ ಬೀಳುವ ಕಡೆ ಉಸಿರು ಬಿಗಿ ಹಿಡಿಯುತ್ತಾರೆ. ಮುಂದಿನ ಸಾಲಿನಲ್ಲಿ ‘ನೀತಿ: ಅನಗತ್ಯವಾಗಿ ಮಾತನಾಡಬಾರದು’. ಮುಖ ಬಾಡುತ್ತದೆ. ಯಾರೋ ಬೈದ ಹಾಗೆ. ದಯವಿಟ್ಟು ನಿಮ್ಮ ಕೈಬರಹದ ಪುಸ್ತಕದಲ್ಲಿ ಅದನ್ನು ಹಾಕಬೇಡಿ. ಆಮೆ ಬಿದ್ದದ್ದೇ ಸಾಕು.

ಪಂಚತಂತ್ರ ಮೊದಲಿಗೆ ಸಣ್ಣ ಮಕ್ಕಳ ಪುಸ್ತಕವೇ ಅಲ್ಲ. ವಿಷ್ಣುಶರ್ಮ ಅರಸನ ಮೂವರು ಮಕ್ಕಳಿಗೆ ರಾಜನೀತಿ ಕಲಿಸಲು ಹೇಳಿದ ಕಥೆಗಳು ಅವು. ಕನ್ನಡದಲ್ಲಿ ದುರ್ಗಸಿಂಹ 1031ರ ಹೊತ್ತಿಗೇ ಚಾಲುಕ್ಯರ ಆಸ್ಥಾನದಲ್ಲಿ ಕುಳಿತು ಬರೆದ. ಕಥೆಯೊಳಗೆ ಕಥೆ, ಅದರೊಳಗೆ ಇನ್ನೊಂದು. ಅದನ್ನು ಹಾಗೇ ಏಳು ವರ್ಷದ ಮಗುವಿಗೆ ಕೊಡಲು ಆಗುವುದಿಲ್ಲ. ಒಂದು ಆಮೆ, ಎರಡು ಹಂಸ, ಒಂದು ಕೋಲು, ಇಷ್ಟನ್ನು ಎತ್ತಿಕೊಂಡರೆ ಸಾಕು.

ಎರಡನೆಯದು ಸ್ವಲ್ಪ ಸೂಕ್ಷ್ಮ. ರ ಗ ಸ ದ ಅ ಕಲಿತ ಕೂಡಲೇ ಮಕ್ಕಳು ‘ಅಗಸ’ ಓದುತ್ತಾರೆ. ಟೀಚರ್ ಅದನ್ನು ಬರೆಯಲಿಲ್ಲ, ನಾನು ಗಮನಿಸಿದೆ. ನಮ್ಮಲ್ಲಿ ಬರುವ ಒಬ್ಬ ಹುಡುಗಿ ಮಡಿವಾಳರ ಮನೆಯವಳು. ಯಾರೋ ಜೋರಾಗಿ ‘ಅಗಸನ ಕತ್ತೆ’ ಅಂತ ಓದಿದಾಗ ಅವಳನ್ನು ನೋಡಿ ಇಬ್ಬರು ನಕ್ಕರು. ಅವಳು ಒಂದು ವಾರ ಬರಲಿಲ್ಲ. ಆ ಪದ ಹಳೆಯದು, ಕಥೆಯಲ್ಲಿ ಸಹಜವಾಗಿ ಬಂದದ್ದು, ಎಲ್ಲ ನಿಜ. ಆದರೆ ನಾನು ಈಗ ‘ಬಟ್ಟೆ ಒಗೆಯುವವನು’ ಅಂತ ಓದಿಸುತ್ತೇನೆ. ಕೋತಿಯ ಕಥೆಯಲ್ಲೂ ನ್ಯೂಜೆರ್ಸಿಯ ಸರ್ ‘ಮುಳ್ಳು ತೆಗೆಯಲು ಹೋದವ’ ಅಂತಷ್ಟೇ ಬರೆದಿದ್ದಾರೆ. ಒಳ್ಳೆಯದಾಯಿತು. ಕಥೆಗೆ ಬೇಕಾದದ್ದು ಕತ್ತಿ, ಜಾತಿ ಅಲ್ಲ.

ನಲಿಕಲಿ ಟೀಚರ್, ಹಾವೇರಿ ಕಡೆ

ಹೌದು ಅಕ್ಕ, ಬೇಕೆಂದೇ ಬಿಟ್ಟೆ. ನನ್ನ ಕ್ಲಾಸಿನಲ್ಲೂ ಹಾಗೊಂದು ದಿನ ಆಗಿತ್ತು.

ತುಮಕೂರಿನ ಅಮ್ಮ

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ, ತುಂಬಾ ಸಂತೋಷ. ಇನ್ನೊಂದು ಕೇಳಲೇಬೇಕು. ಪುಣ್ಯಕೋಟಿ ಕಥೆಯನ್ನು ಏನು ಮಾಡುತ್ತೀರಿ? ಗೋವಿನ ಹಾಡಿನ ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತದೆ. ನನ್ನ ಮಗಳು ಅಲ್ಲಿಗೆ ಬಂದಾಗ ಅಳುತ್ತಾಳೆ. ಹುಲಿ ಕಾಡಿಗೆ ವಾಪಸ್ ಹೋಯಿತು ಅಂತ ಬರೆದುಬಿಡಲಾ?

ಅರಿವು ಕೇಂದ್ರದ ಅಕ್ಕ, ಮಂಡ್ಯ ಜಿಲ್ಲೆ

ನಾನು ಬದಲಾಯಿಸುತ್ತೇನೆ. ಐದಾರು ವರ್ಷದವರಿಗೆ ಹುಲಿ ನಾಚಿ ಕಾಡಿಗೆ ಹೋಯಿತು ಅಂತಲೇ ಹೇಳುವುದು. ದೊಡ್ಡವರಾದ ಮೇಲೆ ಪೂರ್ತಿ ಹಾಡು ಸಿಕ್ಕೇ ಸಿಗುತ್ತದೆ.

ಶಿರಸಿಯ ಅಜ್ಜ

ನಾನು ಒಪ್ಪುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಆ ಕಥೆಯಲ್ಲಿ ಹಸು ಸಾಯಲು ಸಿದ್ಧವಾಗಿ ಬರುತ್ತದೆ. ಕರುವನ್ನು ಬಿಟ್ಟು ಬರುತ್ತದೆ. ಅಷ್ಟು ದೊಡ್ಡದು ನಡೆದ ಮೇಲೆ ಹುಲಿ ಸುಮ್ನೆ ಎದ್ದು ಮನೆಗೆ ಹೋದರೆ ಹಸುವಿನ ಮಾತಿಗೆ ಏನು ಬೆಲೆ? ಮಗು ಅಳುತ್ತದೆ ಅಂದರೆ ಕಥೆ ಅದಕ್ಕೆ ಮುಟ್ಟಿತು ಅಂತ. ನಾನೂ ಅತ್ತಿದ್ದೆ. ಅಮ್ಮನ ಸೆರಗು ಹಿಡಿದು ಅತ್ತಿದ್ದೆ. ಆ ಸೆರಗು ಪಕ್ಕದಲ್ಲಿ ಇರಬೇಕು, ಅಷ್ಟೇ.

ನಲಿಕಲಿ ಟೀಚರ್, ಹಾವೇರಿ ಕಡೆ

ನನಗೆ ಇಬ್ಬರ ಮಾತೂ ಹಿಡಿಸಿತು, ಆದರೆ ಅಜ್ಜನ ಕಡೆಗೇ ಜಾಸ್ತಿ ವಾಲುತ್ತೇನೆ. ಒಂದು ಬದಲಾವಣೆಯೊಂದಿಗೆ. ಮಗು ಒಂಟಿಯಾಗಿ ಕೂತು ಓದುವ ಮೊದಲ ಪುಸ್ತಕ ಪುಣ್ಯಕೋಟಿ ಆಗುವುದು ಬೇಡ. ಅರ್ಕಾವತ್ತಿನ ಹುಲಿಯೂ ಕಷ್ಟ, ಆ ಕೊನೆಯೂ ಕಷ್ಟ. ಅದನ್ನು ದೊಡ್ಡವರು ಹಾಡಲಿ, ಮಗು ಜೊತೆಗೆ ಹಾಡಲಿ. ಗುಬ್ಬಕ್ಕ, ಕೋತಿ ಇವರನ್ನು ತಾನೇ ಓದಲಿ.

ಚಿತ್ರ ಬರೆಯುವವಳು, ಬೆಂಗಳೂರು

ತಡವಾಗಿ ಬಂದೆ. ಪುಟದ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಒಂದು ಎ4 ಹಾಳೆ ಮಡಚಿ ನಡುವೆ ಒಂದು ಸೀಳು ಕೊಟ್ಟರೆ ಎಂಟು ಪುಟದ ಪುಟ್ಟ ಪುಸ್ತಕ ಆಗುತ್ತದೆ. ಪುಟಕ್ಕೆ ಎರಡು ಸಾಲು ಸಾಕು. ಸಾಲಿನ ಕೊನೆಯಲ್ಲಿ ಪದ ಒಡೆಯಬೇಡಿ. ಕನ್ನಡದ ಪದ ಉದ್ದ, ‘ಗುಬ್ಬ’ ಮೇಲೆ ‘ಕ್ಕನ’ ಕೆಳಗೆ ಬಿದ್ದರೆ ಮಗುವಿಗೆ ಎರಡು ಬೇರೆ ಪದ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಏರುತ್ತದೆ, ಎರಡೂ ಡಿಕ್ಕಿ ಹೊಡೆಯಬಾರದು.

ಚಿತ್ರದಲ್ಲಿ ಎಲ್ಲವನ್ನೂ ತೋರಿಸಬೇಡಿ. “ಕದ ತೆಗಿ” ಅನ್ನುವ ಪುಟದಲ್ಲಿ ಮುಚ್ಚಿದ ಬಾಗಿಲು ಮಾತ್ರ ಇರಲಿ. ಒಳಗೆ ಗುಬ್ಬಕ್ಕ ಏನು ಮಾಡುತ್ತಿದ್ದಾಳೆ ಅನ್ನುವುದು ಅಕ್ಷರ ಓದಿದವರಿಗೆ ಸಿಗಲಿ.

ನಮ್ಮ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆಗಳಲ್ಲಿ ಒಂದಿದೆ. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತು. ಯಾರಿಗೂ ಹೇಳುವುದಿಲ್ಲ. ಉಸಿರುಗಟ್ಟಿ ಅವು ಒಂದು ದಿನ ಅವಳು ಮಲಗಿದ್ದಾಗ ಹೊರಗೆ ಬರುತ್ತವೆ. ಕಥೆ ಒಂದು ಜೊತೆ ಚಪ್ಪಲಿ ಆಗುತ್ತದೆ, ಹಾಡು ಒಂದು ಅಂಗಿ ಆಗುತ್ತದೆ. ಗಂಡನ ಅನುಮಾನದ ಭಾಗ ದೊಡ್ಡವರದು, ಅದು ಬೇಡ. ಆದರೆ ಬಾಗಿಲ ಹೊರಗೆ ಯಾರದೂ ಅಲ್ಲದ ಚಪ್ಪಲಿ, ಗೂಟದ ಮೇಲೆ ಯಾರದೂ ಅಲ್ಲದ ಅಂಗಿ, ಇದನ್ನು ಮಕ್ಕಳಿಗೆ ಬರೆದುಕೊಡಬೇಕು ಅಂತ ನನಗೆ ಬಹಳ ಆಸೆ.

ರೆಡಿ ಪುಸ್ತಕ ಬೇಕಾದವರು ಪ್ರಥಮ್ ಬುಕ್ಸ್‌ ಪ್ರಕಾಶನದವರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ. 2015ರಿಂದ ಇದೆ, ಕನ್ನಡವೂ ಇದೆ. ಓದುವ ಮಟ್ಟದ ಪ್ರಕಾರ ನಾಲ್ಕು ಹಂತ ಮಾಡಿದ್ದಾರೆ. ಮುಕ್ತ ಪರವಾನಗಿ ಇರುವುದರಿಂದ, ಬರೆದವರ ಮತ್ತು ಚಿತ್ರ ಬಿಡಿಸಿದವರ ಹೆಸರು ಹಾಕಿ ನಾವೇ ಅನುವಾದ ಮಾಡಬಹುದು, ಪ್ರಿಂಟ್ ತೆಗೆಯಬಹುದು. ಬೆಳಗಾವಿಯ ಸರ್, ನೀವು ‘ಹೆಂಡಿ’ ಅಂತ ಬದಲಾಯಿಸಿಕೊಳ್ಳಲೂ ಬಹುದು.

ತುಮಕೂರಿನ ಅಮ್ಮ

ಎಲ್ಲರಿಗೂ ಸುದ್ದಿ ಕೊಡಬೇಕು ಅಂತ ಬಂದೆ. ಭಾನುವಾರ ಹಾಳೆ ಮಡಚಿ ಪುಸ್ತಕ ಮಾಡಿದೆವು. ಅಕ್ಷರ ನಾನು ಬರೆದೆ, ಚಿತ್ರ ಅವಳು. ಮುಚ್ಚಿದ ಬಾಗಿಲು ಬಿಡಿಸಿ ಅದಕ್ಕೆ ಚಿಲಕ ಹಾಕಿದಳು, ತೋರಣ ಕಟ್ಟಿದಳು. ‘ಗುಬ್ಬಕ್ಕ’ ಮೊದಲ ಸಲ ಎರಡು ಉಸಿರಿನಲ್ಲಿ ಬಂತು. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಬೆರಳು ಇಡುವುದನ್ನೇ ಬಿಟ್ಟಿದ್ದಳು.

ಎರಡು ಪುಟ ಉಳಿದಿತ್ತು. ತಾನೇ ಪೆನ್ಸಿಲ್ ತಗೊಂಡು ಬರೆದಳು: “ತಾಳು ಕಾಗಕ್ಕ, ಮಗುಗೆ ಓದು ಕಲಿಸಬೇಕು.”

ರಾತ್ರಿ ಅತ್ತೆ ಎಂದಿನ ಹಾಗೆ ಕಥೆ ಶುರು ಮಾಡಲು ಹೋದರು. “ಇವತ್ತು ನಾನು ಓದ್ತೀನಿ ಅಜ್ಜಿ” ಅಂತ ಪುಸ್ತಕ ತೆಗೆದಳು. ಮೊದಲ ಸಾಲು ಓದಿ ನಿಲ್ಲಿಸಿದಳು. ಪದ ಸಿಗಲಿಲ್ಲವೇನೋ ಅಂತ ನಾನು ಬಗ್ಗಿ ನೋಡಿದೆ. ಅವಳು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

“ಅಜ್ಜಿ, ಹೂಂ ಅನ್ನು” ಅಂದಳು.